ಇಬ್ಬರಿಗೆ ಒಂದೇ ಫೈಲು

ನಿವೃತ್ತನಾದ ದಿನ ಕಾಲೇಜಿನವರು ಹಾಕಿದ ಹಾರವನ್ನು ಕೊರಳಿಂದ ತೆಗೆಯುವ ಮೊದಲೇ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ.

"ಪ್ರೇಮಾ, ಕೇಳು! ಇನ್ನು ಮುಂದೆ ನನ್ನ ಪಿಂಚಣಿಯ ಒಂದು ಕಾಸೂ ಆಸ್ಪತ್ರೆಯ ಹೊಸ್ತಿಲು ದಾಟುವುದಿಲ್ಲ!"

ನನ್ನ ಹೆಂಡತಿ ಪ್ರೇಮಮ್ಮ ಸನ್ಮಾನದ ಶಾಲನ್ನು ಮಡಚುತ್ತ, "ಮೊದ್ಲು ನೀವು ನಮ್ಮನೆ ಹೊಸ್ತಿಲು ದಾಟಿ. ನಾಕ್ ಮೆಟ್ಲು ಹತ್ತಿ ಹಿಂಗ್ ಏದುಸ್ರು ಬಿಡ್ತಾ ನಿಂತಿದ್ದೀರಲ್ಲ" ಎಂದಳು.

ಪ್ರತಿಜ್ಞೆಗೆ ಆಧಾರವಿರಲಿಲ್ಲ ಎನ್ನಬೇಡಿ. ಮೂವತ್ನಾಲ್ಕು ವರ್ಷ ಗ್ರಂಥಪಾಲಕನಾಗಿದ್ದವನು ನಾನು. ಆರೋಗ್ಯದ ಕಪಾಟನ್ನು ವಿದ್ಯಾರ್ಥಿಗಳು ಮುಟ್ಟುತ್ತಿರಲಿಲ್ಲವಾದ್ದರಿಂದ ಅಷ್ಟನ್ನೂ ನಾನೊಬ್ಬನೇ ಓದಿ ಮುಗಿಸಿದ್ದೆ. ಯಾವ ಸೊಪ್ಪಿಗೆ ಯಾವ ರೋಗ ಹೆದರುತ್ತದೆ ಎಂಬುದು ನನಗೆ ಬಾಯಿಪಾಠ. ಅದಕ್ಕಿಂತ ಹೆಚ್ಚಾಗಿ, ನನಗಿಂತ ಮೊದಲು ನಿವೃತ್ತರಾದವರ ಗತಿಯನ್ನು ಕಣ್ಣಾರೆ ಕಂಡಿದ್ದೆ. ಸೇವೆಯಲ್ಲಿದ್ದಾಗ "ಎಷ್ಟು ಇನ್‌ಕ್ರಿಮೆಂಟು?" ಎಂದು ಕೇಳುತ್ತಿದ್ದವರು ಈಗ ಸಿಕ್ಕಿದರೆ "ಎಷ್ಟು ಸ್ಟೆಂಟು?" ಎಂದು ಕೇಳುತ್ತಿದ್ದರು. ಗ್ರಾಚ್ಯುಯಿಟಿ ಬ್ಯಾಂಕಿಗೆ ಬಂದ ವಾರವೇ ಮಂಡಿನೋವು ಶುರು! ಅರವತ್ತು ವರ್ಷ ಬಾಯಿ ಬಿಡದೆ ದುಡಿದ ಮಂಡಿಗೆ, ಹಣ ಬಂದ ಸುದ್ದಿಯನ್ನು ತಿಳಿಸಿದವರಾದರೂ ಯಾರು?

ಈ ಪ್ರತಿಜ್ಞೆಗೆ ಒಬ್ಬ ಪಾಲುದಾರನಿದ್ದಾನೆ. ಇದ್ದ ಎನ್ನಬೇಕು, ನನಗಿನ್ನೂ ರೂಢಿಯಾಗಿಲ್ಲ. ಚಿಕ್ಕಬಸವಯ್ಯ ತೀರಿಕೊಂಡು ಇವತ್ತಿಗೆ ನಾಲ್ಕು ತಿಂಗಳು ಹತ್ತು ದಿನ. ನಾನು ಬರೆಯಹೊರಟಿರುವುದು ನಗುವ ವಿಷಯವೇ. ಆದರೆ ಒಂದನ್ನು ಮೊದಲೇ ಹೇಳಿಬಿಡುತ್ತೇನೆ: ಅವನು ಸತ್ತದ್ದು ಹೃದಯಾಘಾತದಿಂದ. ಅದಕ್ಕೆ ಐದು ತಿಂಗಳ ಹಿಂದೆ ಅವನ ಹೆಸರಿನಲ್ಲಿ ತೆಗೆದ ಇ.ಸಿ.ಜಿ.ಯಲ್ಲಿ ಬಡಿದುಕೊಂಡದ್ದು ನನ್ನ ಹೃದಯ.

ಅದು ಹೇಗಾಯಿತೆಂದರೆ ಹೀಗೆ.

ಬಸವಯ್ಯ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಮೊದಲ ಮೂರು ವರ್ಷ ಬದಲಿ ಕಂಡಕ್ಟರ್. ಅಂದರೆ, ಖಾಯಂ ಕಂಡಕ್ಟರ್ ಬರದ ದಿನ ಅವನ ಜಾಗದಲ್ಲಿ ಚೀಲ ನೇತುಹಾಕಿಕೊಂಡು ಹತ್ತುವವನು. ಆಮೇಲೆ ಖಾಯಮ್ಮಾಗಿ, ಒಟ್ಟು ಮೂವತ್ತೆರಡು ವರ್ಷ ಟಿಕೆಟ್ ಇಲ್ಲದವರನ್ನು ಕಾಡಲ್ಲಾಗಲಿ ಬಯಲಲ್ಲಾಗಲಿ ಇಳಿಸಿಬಂದ ಧೀರ. ನಮ್ಮಿಬ್ಬರ ಮನೆಯೂ ಸರಸ್ವತಿಪುರಂನಲ್ಲೇ, ನಡುವೆ ಎರಡು ಕ್ರಾಸು. ಒಂದೇ ವರ್ಷ ನಿವೃತ್ತರಾದೆವು. ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು, ಆಮೇಲೆ ಕಲ್ಲುಬೆಂಚಿನ ಮೇಲೆ ಲೋಕದ ವಿಚಾರಣೆ. ತಿಂಗಳ ಎರಡನೇ ಸೋಮವಾರ ಮಾತ್ರ ಊರಿಗೆ ಹೋಗುತ್ತೇನೆಂದು ಅವನಿಗೆ ರಜೆ.

ಒಂದು ದಿನ ನಾನು ನೀರಿನ ಬಾಟಲನ್ನು ಒಂದೇ ಉಸಿರಿಗೆ ಖಾಲಿ ಮಾಡಿದ್ದನ್ನು ನೋಡಿ ಅವನು ಹೇಳಿದ:

"ಏನ್ಲಾ ಇದು, ಕಾದ ರೇಡಿಯೇಟರ್‌ಗೆ ಉಯ್ದಂಗೆ ಉಯ್ಕತಾ ಇದ್ದೀಯ?"

"ಬಿಸಿಲು ಕಣೋ."

"ಆರೂವರೆಗೆ ಎಂಥ ಬಿಸ್ಲು? ರಾತ್ರಿ ಎಷ್ಟ್ ಸಲ ಏಳ್ತೀಯ?"

"ಅದನ್ನೆಲ್ಲ ನಿನಗ್ಯಾಕೆ ವರದಿ ಒಪ್ಪಿಸಬೇಕು? ನಾನು ಆಸ್ಪತ್ರೆಗೆ ಹೋಗಲ್ಲ. ಪ್ರತಿಜ್ಞೆ ಅಂದ್ರೆ ಪ್ರತಿಜ್ಞೆ."

ಅವನು ಖಾಲಿ ಬಾಟಲಿಗೆ ಮುಚ್ಚಳ ಹಾಕಿಕೊಟ್ಟ. ಎರಡು ದಿನ ಬಿಟ್ಟು ಅದೇ ಬೆಂಚಿನಲ್ಲಿ, "ಯಾಕೋ ನಂಗೂ ನಿನ್ನಂಗೇ ಆಯ್ತಾ ಅದೆ ಕಣೋ. ಬಾಯಾರಿಕೆ. ಸುಸ್ತು" ಎಂದ. ನನಗೆ ಒಳಗೊಳಗೇ ಖುಷಿಯಾಯಿತು. ರೋಗಕ್ಕೆ ಜೊತೆಗಾರ ಸಿಕ್ಕಿದರೆ ಅರ್ಧ ರೋಗ ವಾಸಿಯಾದಂತೆ ಅಲ್ಲವೇ!

ಆಗ ಬಂತು ನೋಡಿ ಅವನ ಬಾಯಿಂದ ಆ ಮಹಾಯೋಜನೆ:

"ಇಬ್ರಿಗೂ ಒಂದೇ ಕಾಯ್ಲೆ, ಇಬ್ರೂ ಯಾಕ್ ಫೀಸ್ ಕೊಡದು? ಒಂದೇ ಫೈಲ್ ಮಾಡ್ಸವ. ನನ್ ಹೆಸ್ರಲ್ಲಿ. ಒಬ್ರು ತೋರಿಸ್ಕಳದು, ಇಬ್ರೂ ನುಂಗದು. ಖರ್ಚು ಅರ್ಧರ್ಧ. ನಿನ್ ಪ್ರತಿಜ್ಞೆನೂ ಉಳೀತು. ನಿನ್ ಹೆಸ್ರಲ್ಲಿ ಆಸ್ಪತ್ರೆಗೆ ಕಾಸೇ ಹೋಗಕಿಲ್ವಲ್ಲ!"

"ಏನೋ ಇದು! ಒಂದೇ ಟಿಕೆಟ್ಟಲ್ಲಿ ಇಬ್ಬರಾ? ನೀನಾ ಈ ಮಾತಾಡ್ತಿರೋದು?"

"ರಿಟೈರ್ ಆದ್ಮೇಲೆ ರೂಲ್ಸ್ ಇಲ್ಲ ಕಣೋ" ಎಂದು ಎದ್ದು ನಿಂತು ಪಂಚೆ ಕೊಡವಿದ.

ಅರ್ಥಶಾಸ್ತ್ರದ ಕಪಾಟಿನಲ್ಲಿ ನಾನು ಓದಿದ್ದ ಯಾವ ಪುಸ್ತಕದಲ್ಲೂ ಇಂಥ ಉಪಾಯವಿರಲಿಲ್ಲ. ಮನೆಗೆ ಬಂದು ಪ್ರೇಮಳಿಗೆ ವಿವರಿಸಿದೆ. ಅವಳು ಬೀನ್ಸ್ ಬಿಡಿಸುತ್ತಿದ್ದಳು. ತಲೆಯೆತ್ತದೆ, "ಜ್ವರ ಬಂದ್ರೆ ಯಾರ್ ಮಲಗ್ತೀರಿ? ಅರ್ಧ ದಿನ ನೀವು, ಅರ್ಧ ದಿನ ಅವರಾ?" ಎಂದಳು. ಹೊಟ್ಟೆಕಿಚ್ಚು ಎಂದುಕೊಂಡೆ.

ಕ್ಲಿನಿಕ್ಕು ನಮ್ಮ ಬಡಾವಣೆಯದೇ. ಡಾಕ್ಟರ್ ಮಾನಸ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲ ದಿನ ಬಸವಯ್ಯ, "ನೀನು ಗಾಡಿ ನಿಲ್ಲಿಸ್ಕಂಡ್ ಬಾ, ನಾನು ಹೆಸ್ರು ಬರೆಸ್ತೀನಿ" ಎಂದು ಒಳಗೆ ನಡೆದ. ನಾನು ಸ್ಕೂಟರಿಗೆ ನೆರಳು ಹುಡುಕಿ ಬರುವಷ್ಟರಲ್ಲಿ ಫೈಲು ಸಿದ್ಧವಾಗಿತ್ತು. ಕೌಂಟರಿನ ಹುಡುಗಿ ಸಿಂಚನ, "ಚಿಕ್ಕಬಸವಯ್ಯ!" ಎಂದು ಕೂಗಿದಳು. ನಾವಿಬ್ಬರೂ ಒಟ್ಟಿಗೇ ಎದ್ದೆವು. ಅವಳು ನಕ್ಕಳು. ವಯಸ್ಸಾದವರನ್ನು ಕಂಡರೆ ಈ ಕಾಲದ ಹುಡುಗಿಯರು ಸುಮ್ಮಸುಮ್ಮನೆ ನಗುತ್ತಾರೆ ಎಂದುಕೊಂಡೆ.

ಒಳಗೆ ಬಸವಯ್ಯ ರೋಗಿಯ ಕುರ್ಚಿಯಲ್ಲಿ ಮಹಾರಾಜನಂತೆ ಕೂತು ಎಲ್ಲವನ್ನೂ ಹೇಳಿದ. ಬಾಯಾರಿಕೆ, ಸುಸ್ತು, ರಾತ್ರಿ ನಾಲ್ಕು ಸಲ ಏಳುವುದು, ಎಡಗಾಲಿನ ಹೆಬ್ಬೆರಳು ಜೋಮು ಹಿಡಿಯುವುದು. ನಾನೆಲ್ಲೋ ಒಂದು ಸಲ ಬಾಯ್ತಪ್ಪಿ ಹೇಳಿದ ಹೆಬ್ಬೆರಳನ್ನೂ ಅವನು ಬಿಟ್ಟಿರಲಿಲ್ಲ! ಎಂಥ ನೆನಪಿನ ಶಕ್ತಿ ಎಂದು ಬೆರಗಾದೆ. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಅಂಕಲ್, ಹೇಗೂ ಜೊತೇಲಿ ಬಂದಿದ್ದೀರಲ್ಲ, ನಿಮ್ಮ ಬಿ.ಪಿ.ನೂ ನೋಡಿಬಿಡ್ತೀನಿ. ಇದಕ್ಕೆ ದುಡ್ಡಿಲ್ಲ" ಎಂದರು. ಬಿ.ಪಿ. ನೋಡಿದರು. ತೂಕ ನೋಡಿದರು. ಕಾಲಿನ ಬೆರಳುಗಳನ್ನೂ ಮುಟ್ಟಿ ನೋಡಿದರು. ಎಲ್ಲವೂ ಪುಕ್ಕಟೆ!

ಆ ಸಂಜೆ ನಾನು ಪ್ರೇಮಳ ಮುಂದೆ ಅರ್ಧ ಗಂಟೆ ಭಾಷಣ ಮಾಡಿದೆ. "ನೋಡಿದೆಯಾ ಬುದ್ಧಿವಂತಿಕೆ! ರೋಗಿ ಅವನು, ತಪಾಸಣೆ ನನಗೂ!"

"ಹೌದು ಹೌದು, ನಿಮ್ ಬುದ್ಧಿಗೆ ಮ್ಯೂಸಿಯಂ ಕಟ್ಟಿಸ್ಬೇಕು" ಎಂದಳು ಪ್ರೇಮ.

ಕರಾರಿನ ಪ್ರಕಾರ ರಕ್ತ ಕೊಡುವುದು ಸರದಿಯಂತೆ. ಮೊದಲ ಸರದಿ ಬಸವಯ್ಯನದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ನಾನು ಜೊತೆಗೆಂದು ಬರಿಹೊಟ್ಟೆಯಲ್ಲೇ ಹೊರಟೆ. ಕ್ಲಿನಿಕ್ಕಿನ ಬಾಗಿಲಲ್ಲಿ ಅವನು ತಲೆಗೆ ಕೈಹೊತ್ತು ನಿಂತ.

"ಅಯ್ಯೋ, ಬಾಯ್ತಪ್ಪಿ ಕಾಫಿ ಕುಡ್ದ್ಬುಟ್ಟೆ ಕಣೋ!"

"ಬಾಯಿ ತಪ್ಪಿ ಕುಡಿಯೋದು ಅಂದ್ರೇನೋ? ಬಾಯಿ ತಪ್ಪಿದ್ರೆ ಕಾಫಿ ಮೂಗಿಗೆ ಹೋಗುತ್ತೆ!"

"ನಮ್ಮನೇವ್ಳು ಮಂಗಳ ಕೊಟ್ಬುಟ್ಳು, ಕುಡ್ದ್ಬುಟ್ಟೆ. ಈ ಸಲ ನೀನು ಕೊಟ್ಬುಡು. ಇಬ್ರುದೂ ಒಂದೇ ಕಾಯ್ಲೆ ಅಲ್ವಾ, ಯಾರ್ ರಕ್ತ ಆದ್ರೇನು?"

ಕೊಟ್ಟೆ. ಮೂರು ತಿಂಗಳ ನಂತರ ಮತ್ತೆ ಅವನ ಸರದಿ ಬಂತು. ಆ ದಿನ ದೇವಸ್ಥಾನದ ಪೊಂಗಲ್ಲು! "ಪ್ರಸಾದ ಬ್ಯಾಡ ಅನ್ನಕಾಯ್ತದಾ?" ಮುಂದಿನ ಸಲ ಅವನ ತಂಗಿಯ ಮನೆಯ ಇಡ್ಲಿ. ಅದರ ಮುಂದಿನ ಸಲ ಮತ್ತೆ ಕಾಫಿ. ಎರಡು ವರ್ಷದಲ್ಲಿ ಎಂಟು ಸಲ ಸೂಜಿ ಚುಚ್ಚಿದರು. ಎಂಟು ಸಲವೂ ನನ್ನ ತೋಳಿಗೇ! ಇಷ್ಟು ಹೊಟ್ಟೆಬಾಕನನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಬೈದೆ. ಅವನು ಹಲ್ಲು ಕಿರಿದ.

ಮಾತ್ರೆ ತರುವ ಕೆಲಸ ಅವನದು. ಕಂಡಕ್ಟರ್ ಕಾಲದ ಚರ್ಮದ ಚೀಲವನ್ನು ಹೆಗಲಿಗೇರಿಸಿಕೊಂಡು ಹೋಗಿ, ನನ್ನ ಪಾಲಿನ ನಾಲ್ಕು ಬಗೆಯ ಮಾತ್ರೆ ನನಗೆ ಕೊಟ್ಟು, "ನಂದು ಚೀಲದಲ್ಲೇ ಅದೆ" ಎಂದು ತಟ್ಟಿ ತೋರಿಸುತ್ತಿದ್ದ. ನನ್ನ ಬಾಯಾರಿಕೆ ನಿಂತಿತು. ರಾತ್ರಿ ಒಂದೇ ಸಲ ಏಳುವಂತಾಯಿತು. ಇದಕ್ಕೆಲ್ಲ ಕಾರಣ ನಾನು ತಿನ್ನುತ್ತಿದ್ದ ಮೆಂತ್ಯವೇ ಎಂದು ನಿವೃತ್ತರ ಸಂಘದಲ್ಲಿ ಉಪನ್ಯಾಸವನ್ನೂ ಕೊಟ್ಟೆ. ಚಪ್ಪಾಳೆ ಬಿತ್ತು. ಬಸವಯ್ಯ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಏರಿಯ ಮೇಲೆ ನಡೆಯುತ್ತಿದ್ದಾಗ ನನಗೆ ಎದೆ ಹಿಡಿದಂತಾಗಿ ಒಂದು ನಿಮಿಷ ನಿಂತೆ. "ಗ್ಯಾಸು" ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಆ ವಾರ ಡಾಕ್ಟರಮ್ಮನ ಮುಂದೆ ಕೂತವನೇ, "ನಡೆಯೋವಾಗ ಎದೆ ಹಿಡ್ಕತದೆ ಡಾಕ್ಟ್ರೇ" ಎಂದ. ಅವನಿಗೂ ಹಿಡಿಯುತ್ತದೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ಇ.ಸಿ.ಜಿ. ಬರೆದುಕೊಟ್ಟರು. ಪಕ್ಕದ ಕೋಣೆಯಲ್ಲೇ ತೆಗೆಯುತ್ತಾರೆ. ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಈ ಸಲ ಹೇಗೆ ತಪ್ಪಿಸಿಕೊಳ್ಳುತ್ತಾನೋ ನೋಡೋಣ ಎಂದುಕೊಂಡೆ. ಅವನು ಅಂಗಿಯ ಎರಡು ಗುಂಡಿ ಬಿಚ್ಚಿ ಎದೆ ತೋರಿಸಿದ.

"ನೋಡ್ಲಾ, ಕರಡಿ ಇದ್ದಂಗದೆ. ಆ ರಬ್ಬರ್ ಬಟ್ಲು ಇದ್ರ ಮೇಲೆ ಎಲ್ಲಿ ಕೂತದು? ಬೋಳಿಸ್ತಾರಂತೆ. ಈ ವಯಸ್ಸಲ್ಲಿ ಎದೆ ಬೋಳಿಸ್ಕಂಡು ಮಂಗಳನ ಮುಂದೆ ಎಂಗೋ ನಿಲ್ಲದು? ನಿಂದು ಹಪ್ಪಳದಂಗೆ ನುಣ್ಣಗದೆ. ನೀನೇ ಮಲಿಕ್ಕಬುಡು."

ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ದೊಡ್ಡ ದಡ್ಡತನ ಇದು. ಮಲಗಿಕೊಂಡೆ. ಐದು ನಿಮಿಷ. ಕಾಗದ ಹೊರಗೆ ಬಂತು. ಡಾಕ್ಟರಮ್ಮ ನೋಡಿ, "ಹಾರ್ಟ್ ಚೆನ್ನಾಗಿದೆ. ಬಿ.ಪಿ. ಮಾತ್ರೆ ಮಾತ್ರ ಸ್ವಲ್ಪ ಬದಲಾಯಿಸೋಣ" ಎಂದರು. ಬಸವಯ್ಯ ಆ ಕಾಗದವನ್ನು ಕೈಯಲ್ಲಿ ಹಿಡಿದು ರಸ್ತೆಯುದ್ದಕ್ಕೂ ಸಿಕ್ಕವರಿಗೆಲ್ಲ ತೋರಿಸಿದ. "ನನ್ ಹಾರ್ಟು ಫಸ್ಟ್ ಕ್ಲಾಸಂತೆ ಕಣ್ರೀ!" ಅಂಥ ಸಂತೋಷ ಅವನ ಮುಖದಲ್ಲಿ ಮತ್ತೆ ಕಂಡಿರಲಿಲ್ಲ. ನಾನೂ ನಕ್ಕೆ.

ಐದು ತಿಂಗಳಿಗೆ, ಒಂದು ಬೆಳಿಗ್ಗೆ ಆರು ಗಂಟೆಗೆ, ಕ್ಷೌರ ಮಾಡಿಕೊಳ್ಳಲು ಕನ್ನಡಿಯ ಮುಂದೆ ನಿಂತವನು ಹಾಗೇ ಕುಸಿದ. ನಾನು ಆರೂವರೆಯಿಂದ ಏಳರ ತನಕ ಕೆರೆ ಏರಿಯ ಗೇಟಿನ ಹತ್ತಿರ ಕಾಯುತ್ತಿದ್ದೆ. ತಡ ಮಾಡಿದ್ದಕ್ಕೆ ಏನೆಂದು ಬೈಯಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ.

ಆಮೇಲಿನ ಹತ್ತು ದಿನ ನನ್ನ ತಲೆಯಲ್ಲಿ ಒಂದೇ ಲೆಕ್ಕಾಚಾರ. ಎದೆ ಹಿಡಿಯುತ್ತದೆ ಎಂದವನು ಅವನು; ಕಾಗದದಲ್ಲಿ ಬಂದ ಹೃದಯ ನನ್ನದು. ಎರಡು ವರ್ಷ ನನ್ನ ರಕ್ತ ನೋಡಿ ಬರೆದ ಮಾತ್ರೆಯನ್ನು ಅವನು ನುಂಗಿದ. ಆಸ್ಪತ್ರೆಗೆ ಕಾಸು ಕೊಡಬಾರದೆಂದು ಪ್ರತಿಜ್ಞೆ ಮಾಡಿದವನು ನಾನು, ಜೀವ ಕೊಟ್ಟವನು ಅವನು. ಇದನ್ನು ಪ್ರೇಮಳಿಗೂ ಹೇಳಲಿಲ್ಲ. ಓದಿದ ಪುಸ್ತಕಗಳಲ್ಲಿ ಎಲ್ಲಿಯೂ ಇದಕ್ಕೆ ಪರಿಹಾರ ಬರೆದಿರಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋದೆವು. ಅವರಲ್ಲಿ ಪದ್ಧತಿಯೆಂದರೆ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಯ ಮೇಲೆ ಎಡೆ ಇಟ್ಟು, ದೀಪ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುವುದು. ಸತ್ತವರು ಬಂದು ಉಂಡುಹೋಗಲೆಂದು ಸ್ವಲ್ಪ ಹೊತ್ತು ಹೊರಗೆ ಕಾಯುತ್ತಾರೆ. ಹಿಂದಿನ ಕೋಣೆಯಲ್ಲಿ ಬಸವಯ್ಯನ ಫೋಟೋದ ಮುಂದೆ ಮುದ್ದೆ, ಮಟನ್ ಸಾರು, ಕಜ್ಜಾಯ, ವಡೆ, ಒಂದು ಲೋಟ ಕಾಫಿ, ಒಂದು ಕ್ವಾರ್ಟರ್ ಬ್ರಾಂದಿ, ಎಲೆಯಡಿಕೆ. ಎಲ್ಲ ಮುಗಿಯಿತು ಎನ್ನುವಾಗ ಅವನ ಹೆಂಡತಿ ಮಂಗಳಮ್ಮ ಅಡುಗೆಮನೆಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಮಾತ್ರೆಗಳನ್ನು ಎಲೆಯ ಪಕ್ಕ ಜೋಡಿಸತೊಡಗಿದರು.

"ಇದ್ಯಾಕವ್ವ?" ಎಂದರು ಬಸವಯ್ಯನ ಚಿಕ್ಕಪ್ಪ ನಿಂಗಯ್ಯ, ಊರಿಂದ ಬಂದಿದ್ದ ಎಪ್ಪತ್ತೈದರ ಹಿರಿಯರು.

"ಊಟಕ್ ಮುಂಚೆ ಒಂದು, ಊಟ ಆದ್ಮೇಲೆ ಆರು. ಮಾತ್ರೆ ಕಾಣ್ದೆ ಅವರು ತಟ್ಟೆ ಮುಂದೆ ಕೂರ್ತಿರ್ಲಿಲ್ಲ ಚಿಕ್ಕಪ್ಪ."

"ಬ್ರಾಂದಿ ಜೊತೆ ಮಾತ್ರೆ ಮಡಗಬಾರ್ದು ಕಣವ್ವ. ಎದೆಗೆ ಹೊಡೀತದೆ."

"ಇನ್ನೆಲ್ಲಿ ಹೊಡೆದಾತು ಬುಡಿ ನಿಂಗಣ್ಣ!" ಎಂದರು ಹಿಂದಿನಿಂದ ಯಾರೋ.

ಐದು ನಿಮಿಷ ಚರ್ಚೆಯಾಯಿತು. ಕೊನೆಗೆ ಬ್ರಾಂದಿ ಎಡಕ್ಕೆ, ಮಾತ್ರೆ ಬಲಕ್ಕೆ, ಯಾವುದು ಬೇಕೋ ಅವನೇ ತೆಗೆದುಕೊಳ್ಳಲಿ ಎಂದು ರಾಜಿಯಾಯಿತು.

ನಾನು ಆ ಮಾತ್ರೆಗಳನ್ನೇ ನೋಡುತ್ತಿದ್ದೆ. ನಮ್ಮ ನಾಲ್ಕು ಮಾತ್ರೆಗಳು ನನಗೆ ಕತ್ತಲಲ್ಲೂ ಗೊತ್ತು. ಇಲ್ಲಿದ್ದವು ಏಳು ಹಾಳೆ. ಬಣ್ಣ ಬೇರೆ, ಆಕಾರ ಬೇರೆ. ನಮ್ಮದು ಒಂದೂ ಇಲ್ಲ! ಜನ ಕೈಮುಗಿದು ಒಬ್ಬೊಬ್ಬರಾಗಿ ಹೊರಗೆ ಹೊರಟರು. ನಾನು ಹಿಂದೆ ಉಳಿದು, ಕನ್ನಡಕ ಹಾಕಿಕೊಂಡು, ಒಂದು ಹಾಳೆಯನ್ನು ದೀಪದ ಹತ್ತಿರ ಹಿಡಿದು ಓದತೊಡಗಿದೆ. ರಕ್ತ ಹೆಪ್ಪುಗಟ್ಟದಿರಲು. ಇನ್ನೊಂದು, ಕೊಬ್ಬು ಇಳಿಯಲು. ಮತ್ತೊಂದು...

ಹಿಂದೆ ಬಾಗಿಲು ಮುಚ್ಚಿಕೊಂಡಿತು. ಹೊರಗಿನಿಂದ ಚಿಲಕ ಬಿತ್ತು.

ಕೂಗಬಹುದಿತ್ತು. ಆದರೆ ಏನೆಂದು ಕೂಗುವುದು? ಸತ್ತವನ ಎಡೆಯ ಮುಂದೆ, ಅವನ ಮಾತ್ರೆ ಕೈಯಲ್ಲಿ ಹಿಡಿದು! ಐದು ನಿಮಿಷ ಸುಮ್ಮನೆ ನಿಂತಿದ್ದು, ಬಾಗಿಲು ತೆರೆದಾಗ ಗುಂಪಿನಲ್ಲಿ ಸೇರಿಕೊಂಡುಬಿಡೋಣ ಎಂದುಕೊಂಡು ಒಂದು ಹೆಜ್ಜೆ ಹಿಂದಕ್ಕಿಟ್ಟೆ. ಕಾಲಿಗೆ ನೀರಿನ ಚೊಂಬು ತಗುಲಿ ಢಣ್ ಎಂದು ಉರುಳಿತು.

ಹೊರಗೆ ಗುಜುಗುಜು ನಿಂತುಹೋಯಿತು. ಆಮೇಲೆ ಒಂದು ಹೆಣ್ಣುದನಿ, "ಬಂದವ್ರೆ!"

"ಬಂದವ್ನೆ! ಬಸವ ಬಂದವ್ನೆ!" ಎಂದರು ನಿಂಗಯ್ಯ.

ಅಳು ಶುರುವಾಯಿತು. ಕೋಣೆಯ ತುಂಬ ಸಾಂಬ್ರಾಣಿ ಹೊಗೆ. ಗಂಟಲು ಕೆರೆಯಿತು. ತಡೆದೆ, ತಡೆದೆ, ತಡೆಯಲಾಗದೆ ಕೆಮ್ಮಿದೆ.

"ಅದೇ ಕೆಮ್ಮು ಕಣ್ರೋ! ನನ್ ಮಗಂದು ಅದೇ ಕೆಮ್ಮು!" ನಿಂಗಯ್ಯ ಬಾಗಿಲಿಗೆ ಬಾಯಿ ಹಚ್ಚಿದರು. "ಬಸವಾ, ಉಪ್ಪು ಕಾರ ಸರಿಯಾಗದಾ ಮಗ?"

ಮತ್ತೊಂದು ಕೆಮ್ಮು ಬಂತು.

"ಸರಿಯಾಗದಂತೆ!"

ಇಷ್ಟರಲ್ಲೇ ನಿಂತಿದ್ದರೆ ನಾನು ಮಾನವಂತನಾಗಿ ಉಳಿಯುತ್ತಿದ್ದೆ. ಆದರೆ ನಿಂಗಯ್ಯನವರಿಗೆ ಧೈರ್ಯ ಬಂದಿತ್ತು. ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವಂತೆ, "ಮಗಾ, ಊರ ಬೇಲಿಸಾಲಿನ ಹುಣಸೆಮರ ನಮ್ ಚಿಕ್ಕಪ್ಪನೇ ತಗಳ್ಳಿ ಅಂತ ಹೋದೊರ್ಸ ನೀನೇ ಹೇಳಿದ್ದೆ ಅಲ್ವಾ? ಹೂಂ ಅನ್ನೋದಾದ್ರೆ ಒಂದ್ಸಲ ಕೆಮ್ಮು" ಎಂದರು.

ನನ್ನ ಗಂಟಲಲ್ಲಿ ಕೆಮ್ಮು ಸಿದ್ಧವಾಗಿ ನಿಂತಿತ್ತು. ಒಂದು ಕೆಮ್ಮಿಗೆ ಒಂದು ಹುಣಸೆಮರ! ಕೆಮ್ಮಿದರೆ ಮಂಗಳಮ್ಮನ ಮರ ಹೋಯಿತು. ಅಂಗವಸ್ತ್ರವನ್ನು ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು ಬಂತು. ಫೋಟೋದಲ್ಲಿ ಬಸವಯ್ಯ ಅದೇ ಹಲ್ಲುಕಿರಿಯುವ ನಗು ನಗುತ್ತಿದ್ದ.

"ಸಾಕ್ ಬುಡಿ ಚಿಕ್ಕಪ್ಪ" ಎನ್ನುತ್ತ ಮಂಗಳಮ್ಮ ಚಿಲಕ ತೆಗೆದರು.

ಬಾಗಿಲು ತೆರೆಯಿತು. ಎದುರಿಗೆ ನಲವತ್ತು ಜನ. ಒಳಗೆ ನಾನು. ಮೂಗಿನ ಮೇಲೆ ಕನ್ನಡಕ, ಬಾಯಲ್ಲಿ ಅಂಗವಸ್ತ್ರ, ಕೈಯಲ್ಲಿ ಮಾತ್ರೆ. ಪ್ರೇಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ನೀವೇನ್ಸಾ ಒಳಗೆ ಮಾಡ್ತಿದ್ದದ್ದು?" ಎಂದರು ನಿಂಗಯ್ಯ.

ಮೂವತ್ನಾಲ್ಕು ವರ್ಷ ಪುಸ್ತಕಗಳ ನಡುವೆ ಬದುಕಿದವನ ಬಾಯಲ್ಲಿ ಆ ಹೊತ್ತಿಗೆ ಬಂದ ಮಾತು ಇಷ್ಟೇ: "ಎಕ್ಸ್‌ಪೈರಿ ಡೇಟ್ ನೋಡ್ತಿದ್ದೆ."

ಊಟ ಮುಗಿದ ಮೇಲೆ ಹಿತ್ತಲ ಕಲ್ಲಿನ ಹತ್ತಿರ ಮಂಗಳಮ್ಮ ಒಬ್ಬರೇ ಸಿಕ್ಕಿದರು. ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. "ತಾಯಿ, ಆ ಇ.ಸಿ.ಜಿ. ಅವನದಲ್ಲ, ನನ್ನದು. ಎದೆನೋವು ಅವನದು. ನಾನು ಮಲಗಿಕೊಳ್ಳದೆ ಇದ್ದಿದ್ದರೆ ಅವನು ಇರ್ತಿದ್ದ."

ಮಂಗಳಮ್ಮ ನನ್ನ ಮುಖ ನೋಡಿದರು. ಆಮೇಲೆ ನಕ್ಕರು. ಹನ್ನೊಂದು ದಿನದಲ್ಲಿ ಮೊದಲ ಸಲ ಇರಬೇಕು; ನಗು ಬಂದದ್ದಕ್ಕೆ ಅವರಿಗೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು.

"ಯೋಗೇಂದ್ರಣ್ಣ, ಎದೆನೋವೂ ನಿಮ್ದೇ ಕಣಣ್ಣ."

"ಅಂದ್ರೆ?"

"ಅವ್ರಿಗೆ ಹಾರ್ಟ್‌ಗೆ ಸ್ಟೆಂಟ್ ಹಾಕಿ ಒಂಬತ್ ವರ್ಸ ಆಗಿತ್ತು. ಗೊತ್ತಾದ್ರೆ ಬಸ್ ಮೇಲಿಂದ ಇಳಿಸಿ ಡಿಪೋಲಿ ಕೂರಿಸ್ತಾರೆ ಅಂತ ಯಾರ್ಗೂ ಹೇಳಿರ್ಲಿಲ್ಲ. ತಿಂಗಳ್ ಎರಡ್ನೇ ಸೋಮವಾರ ಊರಿಗ್ ಹೋಗ್ತೀನಿ ಅಂತಿದ್ರಲ್ಲ, ಊರಿಗಲ್ಲ, ದೊಡ್ಡಾಸ್ಪತ್ರೆಗೆ. ಅವರ ಫೈಲ್ ಅಲ್ಲೇ ಅದೆ, ಇಷ್ಟ್ ದಪ್ಪ. ಡಾಕ್ಟ್ರು ಹೇಳೇ ಇದ್ರು ಅಣ್ಣ, ಇಷ್ಟ್ ವರ್ಸ ಬಂದಿದ್ದೇ ಹೆಚ್ಚು ಅಂತ."

"ಮತ್ತೆ ನಮ್ಮ ಫೈಲು?"

"ಅದು ನಿಮ್ಗೇ ಮಾಡ್ಸಿದ್ದು. ನೀವು ಒಬ್ರೇ ಹೋಗೋ ಜನ ಅಲ್ವಲ್ಲ! 'ನನ್ ಸ್ಟೆಂಟಿನ ವಿಷ್ಯ ಹೇಳಿದ್ರೆ ಅವನು ಹೆದರ್ಕಂಡು ಏರಿ ಮೇಲೆ ನನ್ನ ಕೈ ಹಿಡ್ಕಂಡು ನಡೆಸ್ತಾನೆ, ನಡಿಗೆನೇ ಕೆಡ್ತದೆ' ಅಂತಿದ್ರು. ರಕ್ತ ಕೊಡೋ ದಿನ ಬೆಳಿಗ್ಗೆ ಎದ್ದೇಟ್ಗೆ ಬಲವಂತವಾಗಿ ಕಾಫಿ ಮಾಡಿಸ್ಕಂಡು ಕುಡಿಯೋರು. ಸುಳ್ ಹೇಳಬಾರ್ದು ಅಂತ."

"ಅವನ ಪಾಲಿನ ಮಾತ್ರೆ?"

"ಯಾವ್ ಪಾಲಣ್ಣ? ತರ್ತಿದ್ದದ್ದೇ ಒಬ್ರಿಗೆ."

ಅಂದರೆ ಎರಡು ವರ್ಷ ನಾನು ಅರ್ಧ ಕಾಸು ಕೊಟ್ಟು ಪೂರ್ತಿ ಮಾತ್ರೆ ನುಂಗಿದ್ದೆ. ಉಳಿದರ್ಧ ಯಾರ ಪಿಂಚಣಿಯಿಂದ ಹೋಗುತ್ತಿತ್ತು ಎಂದು ಕೇಳುವ ಅಗತ್ಯವಿರಲಿಲ್ಲ.

ಮನೆಗೆ ನಡೆದು ಬರುವಾಗ ಪ್ರೇಮಳನ್ನು ಕೇಳಿದೆ. "ನಿನಗೂ ಗೊತ್ತಿತ್ತಾ?"

"ರಾತ್ರಿಯೆಲ್ಲ ಬಚ್ಚಲಿಗೆ ಎದ್ದು ಓಡಾಡೋರ್ನ ನೋಡ್ಕಂಡು ಸುಮ್ನೆ ಇರ್ಲಾ? ಬಸವಣ್ಣನ ಹತ್ರ ಅತ್ತಿದ್ದೇ ನಾನು."



ಆಮೇಲೆ ಮೂರೂವರೆ ತಿಂಗಳು ಕ್ಲಿನಿಕ್ಕಿನ ಕಡೆ ಹೋಗಲಿಲ್ಲ. ಹಳೆಯ ಚೀಟಿ ತೋರಿಸಿ ಅಂಗಡಿಯಲ್ಲಿ ಮಾತ್ರೆ ತರುತ್ತಿದ್ದೆ. ಕಳೆದ ವಾರ ಪ್ರೇಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು, ಹೊರಡಲೇಬೇಕಾಯಿತು.

ಸಿಂಚನ ನನ್ನನ್ನು ನೋಡಿ ಎದ್ದು ನಿಂತಳು. "ಬಸವಯ್ಯ ಸಾರ್ ವಿಷಯ ಗೊತ್ತಾಯ್ತು ಸಾರ್" ಎಂದಳು. ಆಮೇಲೆ, "ಖಾಲಿ ಹೊಟ್ಟೇಲಿ ಬಂದಿದ್ದೀರಾ?" ಎಂದು ಕೇಳಿದಳು.

ಆಗ ನೆನಪಾಯಿತು. "ಇಲ್ಲಮ್ಮ. ಮರೆತು ಕಾಫಿ ಕುಡಿದುಬಿಟ್ಟೆ."

ಅವಳು ನಗಬೇಕೋ ಬೇಡವೋ ಎಂದು ನೋಡಿದಳು. ನಾನು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ನೋಡಿದೆ. ಪ್ರೇಮ ಇದ್ದಳು.

ಒಳಗೆ ಡಾಕ್ಟರಮ್ಮನಿಗೆ, "ಇಷ್ಟು ದಿನ ನಿಮಗೆ ಮೋಸ ಮಾಡಿದೆವು" ಎಂದು ತಪ್ಪೊಪ್ಪಿಗೆ ಶುರು ಮಾಡಿದೆ. ಅವರು ಪೂರ್ತಿ ಕೇಳದೆ ಫೈಲನ್ನು ನನ್ನ ಕಡೆ ತಿರುಗಿಸಿದರು.

"ಅಂಕಲ್, ಯಾರ ತೋಳಿಗೆ ಸೂಜಿ ಚುಚ್ತಾ ಇದ್ದೀವಿ ಅಂತ ನಮಗೆ ಗೊತ್ತಿರಲ್ವಾ? ಮೊದಲನೇ ದಿನವೇ ಅವರು ಹೇಳಿದ್ರು. 'ಅವನ ಹೆಸ್ರು ಕೂಗಬೇಡಿ, ಎದ್ದು ಓಡೋಗ್ತಾನೆ. ಹೊರಗಡೆ ನನ್ನ ಹೆಸ್ರು ಬರೀರಿ, ಒಳಗಡೆ ಅವನದು ಬರೀರಿ' ಅಂತ. ನೋಡಿ."

ಹೊರಗಿನ ರಟ್ಟಿನ ಮೇಲೆ ಚಿಕ್ಕಬಸವಯ್ಯ. ಒಳಗಿನ ಮೊದಲ ಹಾಳೆಯಲ್ಲಿ, ನಾನು ಸ್ಕೂಟರಿಗೆ ನೆರಳು ಹುಡುಕುತ್ತಿದ್ದ ಆ ಐದು ನಿಮಿಷದಲ್ಲಿ, ಅವನೇ ತನ್ನ ಗುಂಡು ಅಕ್ಷರದಲ್ಲಿ ತುಂಬಿದ ಅರ್ಜಿ.

ರೋಗಿಯ ಹೆಸರು: ಯೋಗೇಂದ್ರ.
ಜೊತೆಗೆ ಬಂದವರು: ಚಿಕ್ಕಬಸವಯ್ಯ.
ರೋಗಿಗೂ ನಿಮಗೂ ಸಂಬಂಧ: ಕಂಡಕ್ಟರ್.

ಪ್ರೇಮಳೂ ಬಗ್ಗಿ ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಎಷ್ಟೋ ಜನರನ್ನು ಮಧ್ಯದಾರಿಯಲ್ಲಿ ಇಳಿಸಿದ ಮನುಷ್ಯ.

ಈಗ ನನ್ನದೇ ಹೆಸರಿನಲ್ಲಿ ಹೊಸ ಫೈಲು ಮಾಡಿಸಬೇಕಂತೆ. ಮಾಡಿಸಿ ಎಂದೆ. ಸಿಂಚನ ಹೊಸ ಅರ್ಜಿ ಕೊಟ್ಟಳು. ನಾನು ಪೆನ್ನಿನ ಕ್ಯಾಪು ತೆಗೆದೆ. ಪ್ರೇಮ ಪೆನ್ನು ಕಿತ್ತುಕೊಂಡಳು. ಹೆಸರು ಬರೆದಳು. ವಯಸ್ಸು ಬರೆದಳು. ಒಂದು ವರ್ಷ ಕಡಿಮೆ ಹೇಳಿದ್ದೆ, ಅದನ್ನೂ ತಿದ್ದಿ ಬರೆದಳು. ಜೊತೆಗೆ ಬಂದವರು: ಪ್ರೇಮಮ್ಮ. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಹೆಂಡತಿ ಅಂತ ಬರಿ. ಅದರಲ್ಲೇನು ಯೋಚನೆ?" ಎಂದೆ.

ಅವಳು ಬರೆದು, ಹಾಳೆಯನ್ನು ಕೌಂಟರಿಗೆ ಕೊಟ್ಟು, ನನ್ನ ಬೆನ್ನಿಗೆ ಕೈಯಿಟ್ಟು, "ನಡೀರಿ ನಡೀರಿ, ಮುಂದಕ್ ನಡೀರಿ" ಎಂದು ತೂಕದ ಯಂತ್ರದ ಕಡೆ ತಳ್ಳಿದಳು. ಸಿಂಚನ ಹಾಳೆ ನೋಡಿ ಈ ಸಲ ಜೋರಾಗಿಯೇ ನಕ್ಕಳು. ನಾನು ಹಿಂತಿರುಗಿ ಓದಿದೆ.

ರೋಗಿಗೂ ನಿಮಗೂ ಸಂಬಂಧ: ಬದಲಿ ಕಂಡಕ್ಟರ್.